ಆರನೆಯ ಸೀಸೆ

ಯಾರನ್ನೂ ಸುಲಭಕ್ಕೆ ನಂಬುವ ಹೆಂಗಸಲ್ಲ ನಾನು. ಇಪ್ಪತ್ತೆರಡು ವರ್ಷ ಪಿ.ಟಿ. ಟೀಚರಾಗಿ ದುಡಿದವಳಿಗೆ ನಂಬಿಕೆ ಉಳಿಯುವುದೂ ಕಷ್ಟ. ಹೊಟ್ಟೆನೋವು ಎಂದು ಅತ್ತವಳು ಬೇಕರಿಯಲ್ಲಿ ಪಪ್ಸ್ ತಿನ್ನುವುದನ್ನು, ಕಾಲು ಉಳುಕಿತು ಎಂದವಳು ಸಂಜೆ ಬಸ್ಸಿನ ಹಿಂದೆ ಓಡುವುದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಚೆಟ್ಟಳ್ಳಿ ರಸ್ತೆಯ ನಮ್ಮ ಹುಡುಗಿಯರ ಕ್ರೀಡಾ ಹಾಸ್ಟೆಲಿನಲ್ಲಿ ಮಕ್ಕಳಿಗೆ ಆಟದ ಪ್ರಾಮಾಣಿಕತೆಯ ಪಾಠ ಯಾರು ಮಾಡಬೇಕೆಂಬ ಪ್ರಶ್ನೆ ಬಂದಾಗ ಟ್ರಸ್ಟಿನವರು ನೇರ ನನ್ನ ಕಡೆಗೇ ನೋಡಿದರು. ವಾರಿಜಾಕ್ಷಿ ಟೀಚರ ಕಣ್ಣು ತಪ್ಪಿಸಿ ಏನೂ ನಡೆಯುವುದಿಲ್ಲ ಎಂದು ಅಧ್ಯಕ್ಷರು ಹೇಳಿದ್ದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಪ್ರತಿ ಶನಿವಾರ ಪಾಠ. ಉದ್ದೀಪನ ಔಷಧಿ ಎಂದರೇನು, ಮೂತ್ರ ಪರೀಕ್ಷೆ ಹೇಗೆ ಮಾಡುತ್ತಾರೆ, ಸಿಕ್ಕಿಬಿದ್ದರೆ ಎಷ್ಟು ವರ್ಷ ಮೈದಾನಕ್ಕೆ ಇಳಿಯುವಂತಿಲ್ಲ, ಎಲ್ಲ ಹೇಳುತ್ತಿದ್ದೆ. "ಬಾಯಿಗೆ ಹೋದದ್ದಕ್ಕೆಲ್ಲ ನೀವೇ ಜವಾಬ್ದಾರಿ. ಗೊತ್ತಿರ್ಲಿಲ್ಲ ಅಂದ್ರೆ ಯಾರೂ ಕೇಳುದಿಲ್ಲ. ಡಾಕ್ಟರು ಕೊಟ್ರೂ ಇದ್ರಲ್ಲಿ ಎಂಥ ಉಂಟು ಅಂತ ಕೇಳಿ, ಅಮ್ಮ ಕೊಟ್ರೂ ಕೇಳಿ, ನಾನು ಕೊಟ್ರೂ ಕೇಳಿ," ಎಂದು ಮೇಜು ಕುಟ್ಟಿ ಹೇಳುತ್ತಿದ್ದೆ. ಹುಡುಗಿಯರು ಆಕಳಿಸುತ್ತಿದ್ದರು. ಮುತ್ತಿ ಒಬ್ಬಳು ಮಾತ್ರ ಆಕಳಿಸದೆ ನನ್ನನ್ನೇ ನೋಡುತ್ತ ಕೂರುತ್ತಿದ್ದಳು. ಅದೂ ನನಗೆ ಸರಿ ಕಾಣಲಿಲ್ಲ. ಪಾಠವನ್ನು ಅಷ್ಟು ಗಮನವಿಟ್ಟು ಕೇಳುವವಳಿಗೆ ಅದರಿಂದ ಏನೋ ಬೇಕಾಗಿರುತ್ತದೆ.

ಮುತ್ತಿ ತಿತಿಮತಿಯವಳು. ಅಪ್ಪ ಮಲ್ಲ ಕಾಫಿ ಎಸ್ಟೇಟಿನ ಲೈನಿನಲ್ಲಿ, ಎಂದರೆ ಕೂಲಿಯವರ ಸಾಲುಮನೆಯಲ್ಲಿ, ಇದ್ದುಕೊಂಡು ಕೂಲಿ ಮಾಡುವವನು. ಜನವರಿಯಲ್ಲಿ ಸೇರಿದಾಗ ಮೂರು ಸಾವಿರ ಮೀಟರ್ ಓಡಲು ಹುಡುಗಿಗೆ ಹನ್ನೆರಡು ನಿಮಿಷ ಬೇಕಾಗುತ್ತಿತ್ತು. ಜುಲೈ ಮೊದಲಿಗೆ ಹನ್ನೊಂದು ನಿಮಿಷಕ್ಕೂ ಒಳಗೆ ಬಂದಳು. ಸ್ಟಾಪ್‌ವಾಚ್ ಕೆಟ್ಟಿತೆಂದು ಬೇರೆ ತರಿಸಿದೆ. ಅದೂ ಅದನ್ನೇ ಹೇಳಿತು.

ಆಮೇಲೆ ಅವಳು ಮಾಡಿದ್ದೆಲ್ಲ ನನ್ನ ಕಣ್ಣು ಕುಕ್ಕತೊಡಗಿತು. ಉಳಿದವರ ಬಾಟಲಿಯಿಂದ ನೀರು ಕುಡಿಯುವುದಿಲ್ಲ. ಊಟವಾದ ಕೂಡಲೇ ಕೋಣೆಗೆ ಹೋಗಿ ಹಾಸಿಗೆಯಡಿಯಿಂದ ಏನನ್ನೋ ತೆಗೆಯುತ್ತಾಳೆ, ನಾನು ಬಾಗಿಲಿಗೆ ಬಂದರೆ ಒಳಗೆ ತಳ್ಳುತ್ತಾಳೆ. ಒಂದು ಸಂಜೆ ಗೇಟಿನ ಹತ್ತಿರ ಬೈಕಿನಲ್ಲಿ ಬಂದವನೊಬ್ಬ ಅವಳ ಕೈಗೆ ಸಣ್ಣ ಡಬ್ಬಿ ಕೊಟ್ಟದ್ದನ್ನು ಕಿಟಕಿಯಿಂದ ನೋಡಿದೆ. ಚಪ್ಪಲಿ ಮೆಟ್ಟಿ ಗೇಟಿಗೆ ಓಡುವಷ್ಟರಲ್ಲಿ ಬೈಕೂ ಇಲ್ಲ, ಡಬ್ಬಿಯೂ ಇಲ್ಲ. "ಯಾರವನು?" ಎಂದೆ. "ಗೊತ್ತಿಲ್ಲ ಟೀಚರೆ," ಎಂದಳು. ಬೆಂಕಿಯಿಲ್ಲದೆ ಹೊಗೆಯಾಡುವುದುಂಟೆ?

ಆಗಸ್ಟ್ ನಾಲ್ಕಕ್ಕೆ ರಾಜ್ಯ ಶಿಬಿರದ ಆಯ್ಕೆ. ನಮ್ಮಲ್ಲಿಂದ ಆರು ಹುಡುಗಿಯರು ಕೊನೆಯ ಸುತ್ತಿಗೆ ಬಂದಿದ್ದರು. ಮೂತ್ರ ಪರೀಕ್ಷೆಯಲ್ಲಿ ಏನಾದರೂ ಎಡವಟ್ಟಾದರೆ ಶಿಬಿರವೂ ಇಲ್ಲ, ಹಾಸ್ಟೆಲಿನ ಸೀಟೂ ಇಲ್ಲ. ಸೀಟು ಹೋದರೆ ಮುತ್ತಿಗೆ ತಿತಿಮತಿಯ ಲೈನೇ ಗತಿ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಏನಾದರೂ ಮಾಡಿಯಾಳು ಎಂದು ಇನ್ನಷ್ಟು ಗುಮಾನಿ ಬಂತು.

ಅದರ ಹಿಂದಿನ ದಿನ ಕಕ್ಕಡ ತಿಂಗಳ ಹದಿನೆಂಟನೆಯ ದಿನ. ಕೊಡಗಿನಲ್ಲಿ ಆ ದಿನ ಮದ್ದು ಸೊಪ್ಪಿನ ಪಾಯಸ ಮಾಡದ ಮನೆ ಕಡಿಮೆ. ಸೊಪ್ಪನ್ನು ಕುದಿಸಿದರೆ ನೇರಳೆ ಬಣ್ಣದ ನೀರು ಬಿಡುತ್ತದೆ, ಅದಕ್ಕೆ ಅಕ್ಕಿ, ಬೆಲ್ಲ, ತೆಂಗಿನ ಹಾಲು. ನಾನು ದೊಡ್ಡ ಪಾತ್ರೆಯಲ್ಲಿ ಮಾಡಿಕೊಂಡು ಹೋಗಿ ನನ್ನ ಕೈಯಾರೆ ಬಡಿಸಿದೆ. "ತಿನ್ನಿ ಮಕ್ಕಳೇ, ಈ ದಿನ ಈ ಸೊಪ್ಪಿನಲ್ಲಿ ಹದಿನೆಂಟು ಬಗೆ ಮದ್ದಿನ ಗುಣ ಇರ್ತದೆ."

"ಯಾವ ಹದಿನೆಂಟು ಟೀಚರೆ?" ಎಂದಳು ಮುತ್ತಿ.

"ಅಧಿಕಪ್ರಸಂಗ ಬೇಡ. ವಿಷ ಹಾಕ್ಲಿಲ್ಲ ನಾನು, ತಿನ್ನು," ಎಂದು ಅವಳ ತಟ್ಟೆಗೆ ಎರಡು ಸೌಟು ಹೆಚ್ಚೇ ಹಾಕಿದೆ.

ಮರುದಿನ ಬೆಳಿಗ್ಗೆ ಮೂತ್ರ ಪರೀಕ್ಷೆಗೆಂದು ಬೆಂಗಳೂರಿನಿಂದ ಡಾಕ್ಟರ್ ವಿಭಾ ಬಂದರು. ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ಹುಡುಗಿಯರು ಒಬ್ಬೊಬ್ಬರೇ ಒಂದು ಫಾರಂ ತುಂಬಿ, ಬಚ್ಚಲಿಗೆ ಹೋಗಿ, ಸೀಸೆಯಲ್ಲಿ ಮೂತ್ರ ತಂದು ಮೇಜಿನ ಮೇಲೆ ಇಡಬೇಕು. ಮೋಸವಾಗದಂತೆ ಜೊತೆಗೆ ನಿಂತು ನೋಡುವ ಕೆಲಸ ನನ್ನದು. ಮೊದಲನೆಯ ಸೀಸೆ ನೋಡಿ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಎರಡನೆಯದು ಬಂದಾಗ ಎದ್ದೇ ನಿಂತರು. ಎರಡೂ ಕೆಂಪು.

"ಇದೇನು ಟೀಚರ್, ರಕ್ತನಾ?"

ನನಗೆ ನಗು ತಡೆಯಲಾಗಲಿಲ್ಲ. "ನಿಮ್ಮ ಬೆಂಗಳೂರಿನವರಿಗೆ ಎಲ್ಲಿ ಗೊತ್ತಾಗ್ಬೇಕು! ನಿನ್ನೆ ಮದ್ದು ಸೊಪ್ಪು ತಿಂದಿದ್ದಾರೆ. ತಿಂದವರಿಗೆಲ್ಲ ಮರುದಿನ ಹೀಗೇ. ನನ್ನದೂ ಹೀಗೇ ಉಂಟು!" ಎಂದೆ. ಅವರು ನಗಲಿಲ್ಲ. ಏನೋ ಬರೆದುಕೊಂಡರು. ಮೂರನೆಯದು, ನಾಲ್ಕನೆಯದು, ಐದನೆಯದು, ಎಲ್ಲ ಕೆಂಪೇ.

ಕೊನೆಗೆ ಮುತ್ತಿ. ಬಚ್ಚಲೊಳಗೆ ಹೋದ ಮೇಲೆ, "ಟೀಚರೆ, ನಾಚಿಕೆ ಆಗ್ತದೆ, ಸ್ವಲ್ಪ ಆಚೆ ತಿರುಗ್ತೀರಾ?" ಎಂದು ಕೇಳಿದಳು. ಹದಿನಾರರ ಹುಡುಗಿ, ಪಾಪ ಅನ್ನಿಸಿತು. ಗೋಡೆಯ ಕಡೆ ತಿರುಗಿದೆ. ಅವಳು ತಂದಿಟ್ಟ ಸೀಸೆಯಲ್ಲಿದ್ದದ್ದು ತಿಳಿ ಹಳದಿ.

ನನ್ನ ಮೈ ಉರಿದುಹೋಯಿತು. ಐದು ಕೆಂಪು, ಒಂದು ಹಳದಿ. ಇನ್ನೇನು ಸಾಕ್ಷಿ ಬೇಕು? ನಾನು ಪಾಪ ಎಂದು ತಿರುಗಿದ ಅರೆ ನಿಮಿಷದಲ್ಲಿ ಬೇರೆ ಯಾರದ್ದನ್ನೋ ಸುರಿದಿದ್ದಾಳೆ! ಬೈಕಿನವನು ಕೊಟ್ಟ ಡಬ್ಬಿ ಇದಕ್ಕೇ ಇರಬೇಕು!

"ಇದು ಯಾರ್ದು? ಹೇಳು! ಯಾರ ಉಚ್ಚೆ ತಂದು ಸುರ್ದೆ?" ಎಂದು ಕೂಗಿದೆ. ಹೊರಗೆ ಸಾಲಾಗಿ ಕೂತಿದ್ದ ಐದು ಹುಡುಗಿಯರೂ ಬಾಗಿಲಿಗೆ ಬಂದರು. "ಸೀಸೆ ಬದಲಾಗಿದೆ, ಬರ್ಕೊಳ್ಳಿ ಡಾಕ್ಟರೆ, ನಾನು ಸೈನ್ ಹಾಕ್ತೇನೆ," ಎಂದು, ಅವರು ದೂರು ಬರೆದು ಮುಗಿಸುವಷ್ಟರಲ್ಲೇ ಕೈಯಿಂದ ಪೆನ್ನು ಕಿತ್ತುಕೊಂಡು ಅದರ ಕೆಳಗೆ ಸಹಿ ಹಾಕಿಯೂ ಬಿಟ್ಟೆ.

ಮುತ್ತಿ ಅಳಲಿಲ್ಲ. "ನನ್ದೇ ಟೀಚರೆ," ಎಂದಳು.

"ಪಾಯಸ ತಿಂದವಳ್ದು ಹೀಗಿರ್ತದಾ?"

"ನಾನು ತಿನ್ಲಿಲ್ಲ."

"ಸುಳ್ಳು! ನಾನೇ ಬಡಿಸಿದ್ದೇನೆ, ತಟ್ಟೆ ಖಾಲಿಯಾದದ್ದನ್ನೂ ನೋಡಿದ್ದೇನೆ."

"ಮೋನಿಷಾಳ ತಟ್ಟೆಗೆ ಹಾಕ್ದೆ," ಎಂದಳು. ಬಾಗಿಲಲ್ಲಿ ನಿಂತಿದ್ದ, ಕಾಫಿ ತೋಟದವರ ಮಗಳು ಮೋನಿಷಾ ಹೌದೆಂದು ತಲೆಯಾಡಿಸಿದಳು. ಇಬ್ಬರೂ ಸೇರಿ ಆಟ ಕಟ್ಟುತ್ತಿದ್ದಾರೆ ಎಂದುಕೊಂಡೆ. ಗೆಳತಿಯರ ಸಾಕ್ಷಿ ಯಾವ ಸಾಕ್ಷಿ?

ಅಷ್ಟರಲ್ಲಿ ಮುತ್ತಿ ಓಡಿಹೋಗಿ ಹಾಸಿಗೆಯಡಿಯಿಂದ ಒಂದು ನೂರು ಪುಟದ ನೋಟ್‌ಬುಕ್ಕು ತಂದಳು. ಡಾಕ್ಟರಮ್ಮ ಅದನ್ನು ತಿರುವಿ ನೋಡಿ ನನ್ನ ಮುಂದಿಟ್ಟರು. ಏಪ್ರಿಲಿನಿಂದ ಪ್ರತಿ ದಿನ ಏನೇನು ತಿಂದಳೋ ಎಲ್ಲ ಬರೆದಿದ್ದಳು. ಬೆಳಿಗ್ಗೆ ಎರಡು ಮೊಟ್ಟೆ, ಒಂದು ಲೋಟ ಹಾಲು. ಜ್ವರಕ್ಕೆ ನರ್ಸ್ ಕೊಟ್ಟ ಮಾತ್ರೆಯ ಹೆಸರು. ಜುಲೈ ಇಪ್ಪತ್ತರಂದು, 'ಬೈಕಿನವರು ಪುಡಿ ಡಬ್ಬಿ ಕೊಟ್ಟರು. ಓಡಲು ಒಳ್ಳೆಯದಂತೆ. ವಾಪಸ್ ಕೊಟ್ಟೆ.' ಕೊನೆಯ ಪುಟದಲ್ಲಿ ನಿನ್ನೆಯ ತಾರೀಕು. 'ಟೀಚರ್ ಪಾಯಸ. ಹದಿನೆಂಟು ಮದ್ದು ಉಂಟಂತೆ. ಯಾವುದು ಅಂತ ಟೀಚರಿಗೂ ಗೊತ್ತಿಲ್ಲ. ತಿನ್ನಲಿಲ್ಲ.'

ನಾನು ಅದನ್ನು ಮೂರು ಸಲ ಓದಿದೆ. ಅಕ್ಷರ ಕೋಳಿ ಕೆದಕಿದ ಹಾಗಿತ್ತು, ಆದರೆ ಓದಲು ಕಷ್ಟವಾಗಲಿಲ್ಲ.

"ಮತ್ತೆ ಇಷ್ಟು ಬೇಗ ಓಡೋದು ಹೇಗೆ?" ಎಂದೆ. ಸೋತ ಮೇಲೂ ಬಾಯಿ ಸುಮ್ಮನಿರಬೇಕಲ್ಲ.

"ಹಾಸ್ಟೆಲಿಗೆ ಬಂದಾಗಿನಿಂದ ದಿನಾ ಮೊಟ್ಟೆ, ಹಾಲು ಸಿಗ್ತಿದೆಯಲ್ಲ ಟೀಚರ್. ಹೊಟ್ಟೆ ತುಂಬಿದೆ, ಓಡ್ತಾಳೆ," ಎಂದರು ವಿಭಾ. ಆಮೇಲೆ ಉಳಿದ ಐದು ಫಾರಂಗಳನ್ನು ನನ್ನ ಕಡೆ ತಿರುಗಿಸಿದರು. ಕಳೆದ ಏಳು ದಿನಗಳಲ್ಲಿ ತೆಗೆದುಕೊಂಡ ಔಷಧಿ, ಗಿಡಮೂಲಿಕೆ ಎಂಬಲ್ಲಿ ಐವರೂ 'ಇಲ್ಲ' ಎಂದು ಬರೆದಿದ್ದರು. "ಸೊಪ್ಪಿನಲ್ಲಿ ತೊಂದರೆ ಇರಲಿಕ್ಕಿಲ್ಲ. ಆದರೆ ಪರೀಕ್ಷೆಯ ಹಿಂದಿನ ದಿನ ಈ ಮಕ್ಕಳಿಗೆ ಇದನ್ನು ಕೊಟ್ಟವರು ಯಾರು ಅಂತ ನಾನು ಬರೀಬೇಕಾಗ್ತದೆ."

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಜಗತ್ತಿನಲ್ಲಿರುವ ಎಲ್ಲರ ಮೇಲೂ ಕಣ್ಣಿಟ್ಟಿದ್ದ ನನಗೆ ನನ್ನ ಕೈಯ ಸೌಟು ಕಾಣಿಸಿರಲಿಲ್ಲ. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು. ಪಾಯಸ ತಿಂದೂ ಫಾರಂನಲ್ಲಿ 'ಇಲ್ಲ' ಎಂದು ಬರೆದವರು ಐದು ಜನ. ಸುಳ್ಳುಗಾತಿ ಎಂದು ನಾನು ಹೆಕ್ಕಿದ್ದು ಮಾತ್ರ ಲೈನಿನಿಂದ ಬಂದವಳನ್ನು. ಮೋನಿಷಾಳ ಸೀಸೆ ಹಳದಿಯಾಗಿದ್ದರೆ, ಯಾಕೆ ಮಗಳೇ ತಿನ್ನಲಿಲ್ಲವಾ ಎಂದು ಕೇಳುತ್ತಿದ್ದೆ.

ಐದೂ ಹುಡುಗಿಯರ ಎದುರಿಗೇ ಹೇಳಿದೆ, "ಪಾಯಸ ಕೊಟ್ಟವಳು ನಾನು. ಮುತ್ತಿ ಮೇಲೆ ಸುಳ್ಳು ಹೊರಿಸಿದವಳೂ ನಾನು." ಅದನ್ನೇ ಬರೆದು ಸಹಿ ಹಾಕಿದೆ. ಆದರೆ ಮೊದಲು ಹಾಕಿದ ಸಹಿ ಅಳಿಸುವಂತಿರಲಿಲ್ಲ. ದೂರು ದಾಖಲಾದ ಮೇಲೆ ಮುತ್ತಿ ಇನ್ನೊಂದು ಸಲ ಸ್ಯಾಂಪಲ್ ಕೊಡಲೇಬೇಕು, ಅದೂ ಡಾಕ್ಟರಮ್ಮನ ಎದುರಿನಲ್ಲಿ ಎಂದು ವಿಭಾ ಹೇಳಿದರು. ಹುಡುಗಿಗೆ ಈಗಷ್ಟೇ ಆಗಿದೆ, ಮತ್ತೆ ಎಲ್ಲಿಂದ ಬರಬೇಕು? ನೀರು ಕುಡಿದು ಕಾಯಬೇಕು.

ನಾನು ನನ್ನ ಫ್ಲಾಸ್ಕಿನಿಂದ ಒಂದು ಲೋಟ ನೀರು ಬಗ್ಗಿಸಿ, "ಕುಡಿ ಮಗಳೇ," ಎಂದು ಚಾಚಿದೆ. ಅವಳನ್ನು ಮಗಳೇ ಎಂದು ಕರೆದದ್ದು ಅದೇ ಮೊದಲು.

ಮುತ್ತಿ ಲೋಟ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಬೇಡ ಟೀಚರೆ," ಎಂದು ಮೆಲ್ಲಗೆ ಹೇಳಿ, ಡಾಕ್ಟರಮ್ಮನ ಪೆಟ್ಟಿಗೆಯಿಂದ ಸೀಲ್ ಒಡೆಯದ ನೀರಿನ ಬಾಟಲಿಯೊಂದನ್ನು ತಾನೇ ಆರಿಸಿ ತೆಗೆದುಕೊಂಡಳು.