ನೆಲಕ್ಕೆ ಸುರಿದ ನೀರು

ಸುಳ್ಳು ಸ್ನಾನಕ್ಕೆ ಇಪ್ಪತ್ತು ನಿಮಿಷ ಬೇಕು. ನಿಜವಾದ ಸ್ನಾನ ಹತ್ತೇ ನಿಮಿಷದಲ್ಲಿ ಮುಗಿಯುತ್ತದೆ. ಇದು ಮೇಷ್ಟ್ರಿಗೆ ಗೊತ್ತಿರಲಿಲ್ಲವೆಂದಲ್ಲ. ಹಲ್ಲಿನ ಸೆಟ್ ಮಾಡುವ ಮನುಷ್ಯ, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಕಣ್ಣಲ್ಲೇ ಅಳೆಯುವವರು. ಹತ್ತು ದೊಡ್ಡದೋ ಇಪ್ಪತ್ತು ದೊಡ್ಡದೋ ಅವರಿಗೆ ತಿಳಿಯದೆ ಇರುತ್ತದೆಯೇ? ಆದರೂ ನಲವತ್ತೊಂದು ದಿನದಿಂದ ಅವರು ಬೆಳಿಗ್ಗೆ ಏಳೂವರೆಗೆ ಬಚ್ಚಲಿಗೆ ಹೋಗಿ, ಚಿಲಕ ಹಾಕಿಕೊಂಡು, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಉಟ್ಟ ಬಟ್ಟೆಯಲ್ಲೇ ಕೂತು, ಬಕೆಟ್ಟಿನ ಬಿಸಿನೀರನ್ನು ಚೊಂಬು ಚೊಂಬಾಗಿ ನೆಲಕ್ಕೆ ಸುರಿಯುತ್ತಿದ್ದರು.

ಅದರಲ್ಲೂ ಒಂದು ಕಸುಬುದಾರಿಕೆ ಇತ್ತು. ಒಂದೇ ಸಮನೆ ಸುರಿದರೆ ಅನುಮಾನ ಬರುತ್ತದೆ. ಮೊದಲು ಎರಡು ಚೊಂಬು, ಆಮೇಲೆ ಸೋಪು ಹಚ್ಚಿಕೊಳ್ಳುವಷ್ಟು ಹೊತ್ತು ಸುಮ್ಮನೆ, ಆಮೇಲೆ ಏಳೆಂಟು ಚೊಂಬು ಬಿಡದೆ. ಒಣಗಿದ ಸೋಪು ಚಾಡಿ ಹೇಳುತ್ತದೆ, ಅದಕ್ಕೆ ಅದನ್ನು ನೀರಿಗೆ ಅದ್ದಿ ಅಂಗೈಯಲ್ಲಿ ನಾಲ್ಕು ಸಲ ಹೊರಳಿಸಬೇಕು. ಟವೆಲಿನ ನಡುಭಾಗ ಒದ್ದೆ ಮಾಡಬೇಕು, ಮುಂಗೂದಲಿಗೆ ನೀರು ಸವರಬೇಕು. ಬ್ರಷ್ಷಿಗೆ ಚೂರು ಪೇಸ್ಟ್ ಹಚ್ಚಿ, ಬೆರಳಿನಿಂದಲೇ ನೊರೆ ಬರಿಸಿ, ತೊಳೆದು ಲೋಟದಲ್ಲಿ ನಿಲ್ಲಿಸಬೇಕು. ಸೋಮಾರಿ ಎನ್ನುವವರು ಎನ್ನಲಿ. ಇಷ್ಟೆಲ್ಲ ಮಾಡುವ ತಾಳ್ಮೆ ಸೋಮಾರಿಗೆ ಎಲ್ಲಿಂದ ಬರಬೇಕು?

ಆ ಹೊತ್ತಿಗೆ ಸರಿಯಾಗಿ ಹೊರಗೆ ಮಗಳು ಮಗ್ಗಿ ಹೇಳುತ್ತಿದ್ದಳು. ಒಂಬತ್ತು ವರ್ಷದ ಹುಡುಗಿ. ಮನೆಯಲ್ಲಿ ಗುಬ್ಬಿ ಎಂದು ಹೆಸರು, ಗಂಟಲು ಮಾತ್ರ ಗುಬ್ಬಿಯದಲ್ಲ. ಹದಿಮೂರರ ಮಗ್ಗಿಯನ್ನು ಅಕ್ಕಪಕ್ಕದವರಿಗೂ ಬಾಯಿಪಾಠವಾಗುವಂತೆ ಒದರುತ್ತಿದ್ದಳು. ಓದಿನಲ್ಲಿ ಮುಂದೆ ಬರುತ್ತಾಳೆ ಎಂದು ಮೇಷ್ಟ್ರು ಒಳಗೆ ಕೂತು ನೆಲಕ್ಕೆ ನೀರು ಹೊಯ್ಯುತ್ತಾ ಅಂದುಕೊಳ್ಳುತ್ತಿದ್ದರು.

ಏನಾಗಿತ್ತು ಅವರಿಗೆ ಎಂದು ಕೇಳಿದರೆ ಏನೂ ಆಗಿರಲಿಲ್ಲ. ಅದೇ ದೊಡ್ಡ ತಲೆನೋವು. ಯಾರೂ ಸತ್ತಿರಲಿಲ್ಲ, ಯಾರೂ ಕೈಬಿಟ್ಟಿರಲಿಲ್ಲ, ಕೆಲಸ ಗಟ್ಟಿಯಾಗಿತ್ತು. ಎಂಟು ತಿಂಗಳ ಹಿಂದೆ ಒಂದು ಭಾನುವಾರ ಗಡ್ಡ ಹೆರೆದುಕೊಳ್ಳಲು ಕನ್ನಡಿ ಮುಂದೆ ನಿಂತವರು, ಒಂದು ಕೆನ್ನೆಗೆ ನೊರೆ ಹಚ್ಚಿ, ಇನ್ನೊಂದಕ್ಕೆ ಯಾಕೆ ಹಚ್ಚಬೇಕು ಎಂದು ತಿಳಿಯದೆ ಹಾಗೇ ಬಂದು ಮಂಚದ ಅಂಚಿನಲ್ಲಿ ಕೂತಿದ್ದರು. ನೊರೆ ಒಣಗಿ ಚರ್ಮ ಬಿಗಿಯುವವರೆಗೂ ಕೂತಿದ್ದರು. ಅವತ್ತಿನಿಂದ ಅವರು ಪೂರ್ತಿಯಾಗಿ ಎದ್ದೇ ಇರಲಿಲ್ಲ. ಕೆಲಸಕ್ಕೆ ಹೋಗುತ್ತಿದ್ದರು, ಬರುತ್ತಿದ್ದರು, ತಟ್ಟೆ ಮುಂದಿಟ್ಟರೆ ತಿನ್ನುತ್ತಿದ್ದರು. ಒಳಗೆ ಮಾತ್ರ ಆ ಮಂಚದ ಅಂಚಿನಲ್ಲೇ ಕೂತಿದ್ದರು.

ಹೆಂಡತಿ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹಾಕುವವಳು. ಕಷ್ಟಕ್ಕೆ ಹೆದರುವ ಪೈಕಿಯವಳಲ್ಲ. ಬೈದಳು, ಗೋಗರೆದಳು, ಮಾತು ಬಿಟ್ಟಳು. ಡಾಕ್ಟರ ಹತ್ತಿರ ಹೋಗೋಣವೆಂದರೆ ಇವರು ಗೋಡೆ ನೋಡಿದರು. ಕೊನೆಗೆ ನಲವತ್ತೆರಡು ದಿನದ ಹಿಂದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಾ ಹೇಳಿದಳು.

"ನಗಬೇಡಿ, ಮಾತಾಡ್ಬೇಡಿ, ಬೇಡ ಬಿಡಿ. ದಿನಾ ಸ್ನಾನ ಮಾಡಿ, ಹಲ್ಲುಜ್ಜಿ. ಅಷ್ಟು ಸಾಕು ನಂಗೆ. ಅದೂ ಆಗಲ್ಲ ಅಂದ್ರೆ ಗುಬ್ಬೀನ ಕರ್ಕೊಂಡು ಅಕ್ಕನ ಮನೆಗೆ ಹೋಗಿಬಿಡ್ತೀನಿ. ನಂಗೆ ಹೆದರಿಕೆ ಆಗುತ್ತೆ ರೀ, ನಿಮ್ಮನ್ನ ನೋಡಿದ್ರೆ."

ಆಗಲಿ ಎಂದರು. ಅವತ್ತು ನಿಜವಾಗಿಯೇ ಸ್ನಾನ ಮಾಡಿದರು. ಮಾರನೆಯ ದಿನ ಸ್ಟೂಲಿನ ಮೇಲೆ ಕೂತು ಚೊಂಬು ಎತ್ತಿದರೆ, ಕೈ ಎದೆಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಹೊರಗೆ ಹೆಂಡತಿ ಕಾಯುತ್ತಿದ್ದಾಳೆ, ಸದ್ದಾಗಬೇಕು. ಸುರಿದರು, ನೆಲಕ್ಕೆ. ಅವಳಿಗಾಗಿ ಒಂದು ಬಕೆಟ್ ನೀರನ್ನೂ ಸುರಿಯುವ ಶಕ್ತಿ ಅವರಲ್ಲಿತ್ತು. ತನಗಾಗಿ ಒಂದು ಚೊಂಬು ಎತ್ತಲು ಇರಲಿಲ್ಲ. ಇದನ್ನು ಯಾರಿಗೆ, ಯಾವ ಬಾಯಲ್ಲಿ ಹೇಳುವುದು?

ಬಾಯಿಯ ವಿಷಯ ಬಂದಿತು, ಹೇಳಿಬಿಡುತ್ತೇನೆ. ಊರಿನವರ ಬಾಯಿಗೆಲ್ಲ ಹಲ್ಲು ಕೂರಿಸುವ ಮನುಷ್ಯನ ಒಸಡಿನಲ್ಲಿ ರಕ್ತ ಬರುತ್ತಿತ್ತು. ಅದು ಯಾರಿಗೂ ಕಾಣುತ್ತಿರಲಿಲ್ಲ, ಏಕೆಂದರೆ ಕೆಲಸದಲ್ಲಿ ಮುಖಗವಸು. ಮೈಯ ವಾಸನೆ ಯಾರಿಗೂ ತಟ್ಟುತ್ತಿರಲಿಲ್ಲ, ಏಕೆಂದರೆ ಸೆಟ್ ಕಲಸುವ ದ್ರಾವಣದ ಘಾಟು ಆ ಕೋಣೆಯಲ್ಲಿ ಸತ್ತ ಇಲಿಯನ್ನೂ ಮುಚ್ಚಿಹಾಕುವಂಥದ್ದು. ಡಾಕ್ಟರಮ್ಮನ ಹಲ್ಲಿನ ಆಸ್ಪತ್ರೆಯ ಹಿಂಬದಿಯ ಕೋಣೆ ಅದು. ಮೂರು ಗೋಡೆಯ ತುಂಬ ಕಪಾಟು, ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು. ಅಲ್ಲಿ ಮೇಷ್ಟ್ರು ಎಂದರೆ ಮೇಷ್ಟ್ರು. ಒಬ್ಬರಿಗೂ ಪಾಠ ಹೇಳಿದವರಲ್ಲ, ಕೈಕೆಲಸಕ್ಕೆ ಕೊಟ್ಟ ಮರ್ಯಾದೆಯ ಹೆಸರು. ಒಂದು ದವಡೆಯನ್ನು ತಿರುಗಿಸಿ ನೋಡಿದರೆ ಸಾಕು, ಈತ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾನೆ, ಈಕೆ ಬಾಯಲ್ಲಿ ಸೂಜಿ ಕಚ್ಚಿಕೊಂಡು ಹೊಲಿಯುತ್ತಾಳೆ ಎಂದು ಹೇಳಿಬಿಡುತ್ತಿದ್ದರು.

ಅವತ್ತು ಬುಧವಾರ, ಮಧ್ಯಾಹ್ನ. ನರ್ಸು ಒಂದು ಅಚ್ಚು ತಂದು ಮೇಜಿನ ಮೇಲಿಟ್ಟು ಹೋದಳು. ರೋಗಿಯ ಹಲ್ಲಿನ ಗುರುತು ಒತ್ತಿಸಿಕೊಂಡ ಗುಲಾಬಿ ಬಣ್ಣದ ಮೆತ್ತನೆ ಅಚ್ಚು. ಅದರೊಳಗೆ ಪ್ಲಾಸ್ಟರ್ ಹುಯ್ದರೆ ಬಾಯಿಯ ಪಡಿಯಚ್ಚು ಸಿಗುತ್ತದೆ. ಚಿಕ್ಕದು, ಮಕ್ಕಳದು. ಕೆಳಗೆ ಚೀಟಿ ಇತ್ತು, ಅವರು ಓದಲಿಲ್ಲ. ಓದುವುದೂ ಈಗೀಗ ಭಾರವೇ. ಪ್ಲಾಸ್ಟರ್ ಕಲಸಿ, ಹುಯ್ದು, ಗುಳ್ಳೆ ಏಳದಂತೆ ಮೇಜಿಗೆ ತಟ್ಟಿ ಪಕ್ಕಕ್ಕಿಟ್ಟರು. ಗಟ್ಟಿಯಾಗುವಾಗ ಪ್ಲಾಸ್ಟರ್ ಬಿಸಿಯಾಗುತ್ತದೆ, ಆಮೇಲೆ ತಣಿಯುತ್ತದೆ. ತಣಿದ ಮೇಲೆ ಬಿಡಿಸಿದರು.

ಮುಂದಿನ ಹಲ್ಲಿನ ಮೂಲೆ ಒಂದಿಷ್ಟು ಮುಕ್ಕಾಗಿತ್ತು. ಶಾಲೆಯ ಮೆಟ್ಟಿಲ ಮೇಲೆ ಬಿದ್ದು ಆದ ಮುಕ್ಕು. ಅವತ್ತು ಆ ರಕ್ತ ಒರೆಸಿದ್ದು ಇವರದೇ ಕೈ.

ಮೇಷ್ಟ್ರು ಪಡಿಯಚ್ಚನ್ನು ಬೆಳಕಿಗೆ ಹಿಡಿದರು. ಹಲ್ಲಿಗೂ ಒಸಡಿಗೂ ನಡುವೆ ಗೆರೆ ಎಳೆದಂತೆ ಇರಬೇಕಾದ ಅಂಚು ಅಲ್ಲಿರಲಿಲ್ಲ. ಒಸಡು ಊದಿಕೊಂಡಿತ್ತು, ಹಲ್ಲಿನ ಬುಡಕ್ಕೆ ಏನೋ ಮೆತ್ತಿಕೊಂಡಿತ್ತು. ಇಂಥ ಬಾಯನ್ನು ಅವರು ಸಾವಿರ ನೋಡಿದ್ದರು. ಹಾಸಿಗೆ ಹಿಡಿದ ಮುದುಕರದು, ಯಾರೂ ದಿಕ್ಕಿಲ್ಲದವರದು.

ಡಾಕ್ಟರಮ್ಮ ಬಾಗಿಲಲ್ಲಿ ಇಣುಕಿದರು. "ನೋಡಿದ್ರಾ ಮೇಷ್ಟ್ರೇ? ನಿನ್ನೆ ನೀವು ಹೋದ್ಮೇಲೆ ನಿಮ್ಮ ಮನೆಯವ್ರು ಮಗಳನ್ನ ಕರ್ಕೊಂಡು ಬಂದಿದ್ರು. ಹೇಳಿರ್ಬೇಕಲ್ಲ."

"ಹೇಳಿದ್ಲು" ಎಂದರು ಮೇಷ್ಟ್ರು. ಹೇಳಿರಲಿಲ್ಲ. ಹೆಂಡತಿ ಅವರಿಗೆ ಏನನ್ನೂ ಹೇಳುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು.

"ಮೊದಲೇ ತೂತಿದ್ದ ಹಾಲುಹಲ್ಲು, ಬೇರಿನ ತನಕ ಹೋಗಿದೆ. ಶುಕ್ರವಾರ ಕಿತ್ತುಬಿಡೋಣ. ಜಾಗ ಮುಚ್ಚಿಹೋಗದ ಹಾಗೆ ಹಿಡಿದಿಡೋಕೆ ಒಂದು ತಂತಿ ಮಾಡಿಕೊಡಿ. ಅದು ಇರ್ಲಿ, ಆ ಒಸಡು ನೋಡಿ. ಒಂದು ತಿಂಗಳಿಂದ ಬ್ರಷ್ ಬಾಯೊಳಗೇ ಹೋಗಿಲ್ಲ. ನಿಮ್ಮ ಮನೆಯವ್ರು ಮಾತ್ರ, ಇಲ್ಲ ಡಾಕ್ಟ್ರೇ, ದಿನಾ ಬ್ರಷ್ ಒದ್ದೆ ಇರುತ್ತೆ, ನಾನೇ ಮುಟ್ಟಿ ನೋಡ್ತೀನಿ ಅಂತಾರೆ. ಒದ್ದೆ ಇದ್ರೆ ಉಜ್ಜಿದ ಹಾಗಾ? ಯಾರು ಕಲಿಸಿದ್ರೋ ಈ ಬುದ್ಧಿನ."

ಡಾಕ್ಟರಮ್ಮ ನಕ್ಕು ಹೋದರು. ಮೇಷ್ಟ್ರು ಮೇಜಿನ ಅಂಚನ್ನು ಹಿಡಿದುಕೊಂಡರು. ಎಂಟು ತಿಂಗಳಲ್ಲಿ ಮೊದಲ ಸಲ ಅವರಿಗೆ ಏನೋ ಆಯಿತು. ಅದು ಒಳ್ಳೆಯದೇನಲ್ಲ. ತನ್ನ ಕೊಳೆಯನ್ನು ತಾನೊಬ್ಬನೇ ಹೊತ್ತುಕೊಂಡಿದ್ದೇನೆ ಎಂಬ ಒಂದು ಸಮಾಧಾನವಿತ್ತಲ್ಲ, ಅದೂ ಕೈಜಾರಿ ಹೋಯಿತು.

ನಾಲ್ಕಕ್ಕೆ ಮನೆಗೆ ಬಂದಾಗ ಗುಬ್ಬಿ ನೆಲದ ಮೇಲೆ ಬೋರಲು ಮಲಗಿ ಬರೆಯುತ್ತಿದ್ದಳು. ಒಂದು ಕೆನ್ನೆ ಸ್ವಲ್ಪ ಊದಿತ್ತು. ಅದನ್ನೂ ಅವರು ಈಗಷ್ಟೇ ನೋಡಿದ್ದು. ಚಪ್ಪಲಿಯನ್ನೂ ಬಿಡದೆ ಅವಳ ಪಕ್ಕ ಕೂತರು.

"ಗುಬ್ಬಿ, ಹಲ್ಲು ಉಜ್ತಾ ಇಲ್ವಾ ನೀನು?"

ಅವಳು ಪೆನ್ಸಿಲ್ ನಿಲ್ಲಿಸಿದಳು. "ಡಾಕ್ಟ್ರು ಹೇಳಿದ್ರಾ?"

"ಪಡಿಯಚ್ಚು ಹೇಳ್ತು. ಬ್ರಷ್ ಒದ್ದೆ ಮಾಡಿ ಇಡ್ತೀಯಂತೆ."

"ನೀನೂ ಹಂಗೇ ಇಡ್ತೀಯಲ್ಲ ಅಪ್ಪ."

ಅವಳ ಮಾತಿನಲ್ಲಿ ಆಪಾದನೆ ಇರಲಿಲ್ಲ.

"ನಿಂಗೆ ಹೇಗೆ ಗೊತ್ತು?"

"ಸ್ನಾನಾನೂ ಮಾಡಲ್ಲ ನೀನು. ಸದ್ದು ಕೇಳಿದ್ರೆ ಗೊತ್ತಾಗುತ್ತಪ್ಪ. ಮೈಮೇಲೆ ಬಿದ್ರೆ ನೀರಿನ ಸದ್ದು ಮುರಿದು ಮುರಿದು ಬರುತ್ತೆ. ನೆಲಕ್ಕೆ ಬಿದ್ರೆ ದೊಪ್ ಅಂತ ಒಂದೇ ಸಲ. ಅಮ್ಮಂಗೂ ಗೊತ್ತಾಗಿಬಿಡುತ್ತೆ ಅಂತಾನೇ ನೀನು ಒಳಗೆ ಹೋದ ತಕ್ಷಣ ನಾನು ಮಗ್ಗಿ ಜೋರಾಗಿ ಹೇಳೋದು."

ಹದಿಮೂರರ ಮಗ್ಗಿ. ಓದಿನಲ್ಲಿ ಮುಂದೆ ಬರುತ್ತಾಳೆ ಎಂದುಕೊಂಡಿದ್ದರಲ್ಲ ಈ ಮಹಾನುಭಾವರು.

"ಸರಿ, ನಾನು ಮಾಡಲ್ಲ. ನೀನು ಯಾಕಮ್ಮ ಬಿಟ್ಟೆ? ನೀನು ಯಾಕೆ?"

ಗುಬ್ಬಿ ಪೆನ್ಸಿಲಿನ ತುದಿಯನ್ನು ನೋಡುತ್ತಾ ಹೇಳಿದಳು. "ಅಮ್ಮ ಒಂದಿನ ಕೇಳಿದ್ಲು, ಮನೇಲಿ ಏನೋ ವಾಸನೆ ಬರ್ತಿದೆ ಅಲ್ವಾ ಅಂತ. ಅದು ನಂದೇ ಅಮ್ಮ ಅಂದೆ ನಾನು. ಬಾಯಿ ತೆಗಿ ಅಂದ್ಲು. ಬಾಯಲ್ಲಿ ವಾಸನೆ ಇರ್ಲಿಲ್ಲ. ಇಲ್ವಲ್ಲೇ ಅಂದ್ಲು. ಆಮೇಲಿಂದ ಉಜ್ಜೋದು ಬಿಟ್ಟೆ. ಮುಂದಿನ ಸಲ ಕೇಳಿದ್ರೆ ನಂಬಬೇಕಲ್ಲ." ಆಮೇಲೆ, "ನಂಗೆ ದೊಡ್ಡಮ್ಮನ ಮನೆಗೆ ಹೋಗೋಕೆ ಇಷ್ಟ ಇಲ್ಲ" ಎಂದಳು.

ಅಂದರೆ ಇಷ್ಟು ದಿನ ಈ ಮನೆಯನ್ನು ಹಿಡಿದಿಟ್ಟಿದ್ದದ್ದು ಆ ಒಂದು ಕೊಳೆತ ಹಾಲುಹಲ್ಲು. ಮೇಷ್ಟ್ರು ಮಗಳನ್ನು ಎಳೆದು ಅಪ್ಪಿಕೊಳ್ಳಲು ಹೋದರು. ತನ್ನ ಮೈಯ ವಾಸನೆ ನೆನಪಾಗಿ ಕೈ ಹಿಂದಕ್ಕೆ ಬಂತು. ಸತ್ತುಹೋಗಬೇಕು ಅನ್ನಿಸಿತು. ಹಾಗೆ ಅನ್ನಿಸಿದ್ದು ಅದೇ ಮೊದಲಲ್ಲ ಎಂಬುದೂ ನೆನಪಾಯಿತು. ಗುಬ್ಬಿ ತಾನಾಗಿಯೇ ಬಂದು ಅವರ ತೊಡೆಗೆ ಆತುಕೊಂಡು ಬರೆಯುವುದನ್ನು ಮುಂದುವರಿಸಿದಳು.

ಐದೂವರೆಗೆ ಹೆಂಡತಿ ಬಂದಳು. ಗಂಡ ಚಪ್ಪಲಿ ಸಮೇತ ನೆಲದ ಮೇಲೆ ಕೂತಿದ್ದು ನೋಡಿ ಬಾಗಿಲಲ್ಲೇ ನಿಂತಳು. ಮೇಷ್ಟ್ರು ಅವಳ ಮುಖ ನೋಡದೆ, ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟರು. ನಲವತ್ತೊಂದು ದಿನ. ಸ್ಟೂಲು. ನೆಲಕ್ಕೆ ಸುರಿದ ನೀರು. ಒದ್ದೆ ಬ್ರಷ್ಷು. ಮಗಳ ಹಲ್ಲು ಯಾಕೆ ಹಾಳಾಯಿತು ಎನ್ನುವುದನ್ನೂ ಹೇಳಿದರು. "ಸಾಯ್ಬೇಕು ಅಂತಾನೂ ಅನ್ಸುತ್ತೆ ಒಂದೊಂದ್ಸಲ" ಎಂದು ಕೊನೆಯಲ್ಲಿ, ಮಗಳಿಗೆ ಕೇಳಿಸದಷ್ಟು ಮೆಲ್ಲಗೆ ಸೇರಿಸಿದರು.

ಅವಳು ಕೂಗಾಡಲಿಲ್ಲ. ಹೆಗಲ ಚೀಲ ಇಳಿಸಿ, ಗೋಡೆಗೆ ಒರಗಿ ನಿಧಾನಕ್ಕೆ ಕೆಳಗೆ ಕೂತಳು.

"ದಿನಾ ಬೆಳಿಗ್ಗೆ ಒಲೆ ಮುಂದೆ ನಿಂತು ಆ ನೀರಿನ ಸದ್ದು ಕೇಳ್ತಿದ್ದೆ ರೀ" ಎಂದಳು. "ಮಗ್ಗಿ ಗಲಾಟೆ ನಡುವೆ ಕಿವಿ ಕೊಟ್ಟು ಕೇಳ್ತಿದ್ದೆ. ಇವತ್ತೂ ಇದಾರೆ, ಇವತ್ತೂ ಮಾಡ್ಕೊಂಡ್ರು ಅಂತ. ಆ ಸದ್ದೊಂದನ್ನೇ ನಂಬ್ಕೊಂಡು ಕೆಲ್ಸಕ್ಕೆ ಹೋಗ್ತಿದ್ದೆ."

ಮೇಷ್ಟ್ರು ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟರು.

"ನಾಳೆ ಡಾಕ್ಟರ ಹತ್ರ ಹೋಗೋಣ. ಹಲ್ಲಿನ ಡಾಕ್ಟರಲ್ಲ. ಗೋಡೆ ನೋಡಿದ್ರೆ ಕೇಳಲ್ಲ ನಾನು."

"ಆಗ್ಲಿ. ಅಕ್ಕನ ಮನೆಗೆ?"

"ಗೊತ್ತಿಲ್ಲ ನಂಗೆ" ಎಂದಳು ಅವಳು. "ನಿಜವಾಗ್ಲೂ ಗೊತ್ತಿಲ್ಲ. ಸುಳ್ಳು ಹೇಳೋದು ಬೇಡ ಇನ್ನು, ಯಾರೂ." ಆಮೇಲೆ ಎದ್ದು ಹೋಗಿ ಗೀಸರ್ ಹಾಕಿದಳು. ಬಕೆಟ್ ತುಂಬಿದ ಮೇಲೆ ಕರೆದಳು. "ಹೋಗಿ. ಬಾಗಿಲು ಮುಂದಕ್ಕೆ ಮಾಡ್ಕೊಳ್ಳಿ, ಚಿಲಕ ಹಾಕ್ಬೇಡಿ."

ಮೇಷ್ಟ್ರು ಅಂಗಿ ಬಿಚ್ಚಿದರು. ಬನಿಯನ್ ಮೈಗೆ ಅಂಟಿಕೊಂಡಿತ್ತು, ಕಿತ್ತು ತೆಗೆಯಬೇಕಾಯಿತು. ಸ್ಟೂಲಿನ ಮೇಲೆ ಕೂತು ಚೊಂಬು ತುಂಬಿದರು. ಎತ್ತಿದರು. ನಲವತ್ತೊಂದು ದಿನದ ಅಭ್ಯಾಸ, ಕೈ ಅದೇ ಮಟ್ಟಕ್ಕೆ ಬಂದು ತಾನಾಗಿಯೇ ವಾಲಿತು. ದೊಪ್ ಎಂದು ನೀರು ನೆಲಕ್ಕೆ ಬಿತ್ತು.

ಹೊರಗೆ ಇವತ್ತು ಮಗ್ಗಿ ಇರಲಿಲ್ಲ.

"ನೆಲದ್ದು" ಎಂದಿತು ಗುಬ್ಬಿಯ ದನಿ, ಬಾಗಿಲಿನ ಪಕ್ಕದಿಂದಲೇ.

ಇನ್ನೊಂದು ಚೊಂಬು ತುಂಬಿದರು. ಈ ಸಲ ಹೆಗಲ ತನಕ ತಂದರು. ಈ ಮೈ, ಈ ವಾಸನೆ, ಇದನ್ನು ತೊಳೆದು ಏನಾಗಬೇಕಿದೆ, ನಾಳೆ ಮತ್ತೆ ತೊಳೆಯಬೇಕು, ನಾಡಿದ್ದು ಮತ್ತೆ, ಎಲ್ಲಿಯವರೆಗೆ ಎಂಬ ಅದೇ ಹಳೆಯ ಮಾತು ಒಳಗಿನಿಂದ ಎದ್ದು ಬಂತು. ದೊಪ್.

"ಇದೂ ನೆಲದ್ದು, ಅಪ್ಪ."

ಹೆಂಡತಿ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಅವಳೂ ಅಲ್ಲೇ ಕೂತಿದ್ದಾಳೆ, ಬಾಗಿಲಿನ ಆಚೆ, ನೆಲದ ಮೇಲೆ. ಮೇಷ್ಟ್ರು ಮೂರನೆಯ ಚೊಂಬು ತುಂಬಿದರು. ತುಂಬಿ ಬಹಳ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಎಷ್ಟು ಹೊತ್ತೆಂದರೆ ನೀರು ಆರಿತು. ಯಾರೂ ಅವಸರ ಮಾಡಲಿಲ್ಲ, ಯಾರೂ ಎದ್ದೂ ಹೋಗಲಿಲ್ಲ. ಕೊನೆಗೆ ಅವರು ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಚೊಂಬು ಎತ್ತಿ ನೆತ್ತಿಯ ಮೇಲೆ ಬೋರಲು ಹಾಕಿದರು.

ಹಾಯೆನಿಸಲಿಲ್ಲ. ತಣ್ಣಗೆ, ಭಾರವಾಗಿ, ನೀರು ತಲೆಯಿಂದ ಹೆಗಲಿಗೆ, ಹೆಗಲಿಂದ ಮೊಣಕಾಲಿಗೆ ಮುರಿದು ಮುರಿದು ಇಳಿಯಿತು.

ಹೊರಗಿನಿಂದ ಗುಬ್ಬಿ ಏನೂ ಹೇಳಲಿಲ್ಲ.