ಹಸಿ ನೆಲ

"ಸಾರ್, ಅಲ್ಲೇ ನಿಲ್ಲಿ! ಕಾಲಿಡಬೇಡಿ!"

ಎತ್ತಿದ ಕಾಲನ್ನು ಅವನು ಅಡುಗೆಮನೆಯ ಹೊಸ್ತಿಲಲ್ಲಿ ಗಾಳಿಯಲ್ಲೇ ತಡೆದ. ಹೆಂಡತಿಗೆ ಫೋನ್ ಮಾಡಲು ಒಳಗೆ ಬಂದಿದ್ದ. ಮಾಡಲೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಗಾರೆಯವನು ನಡುಮನೆಗೆಲ್ಲ ಸಿಮೆಂಟು ಸವರಿ, ಹಿಂದಕ್ಕೆ ಸರಿಯುತ್ತ ಬೀದಿಬಾಗಿಲು ಸೇರಿಬಿಟ್ಟಿದ್ದ.

"ನಾನು ಒಳಗಿದ್ದೀನಿ ಅಂತ ಗೊತ್ತಾಗ್ಲಿಲ್ವಾ?"

"ಆಚೆ ಹೋದ್ರಿ ಅಂದ್ಕೊಂಡೆ ಸಾರ್."

"ಯಾವಾಗ ಒಣಗುತ್ತೆ?"

"ನಾಳೆ ಬೆಳಿಗ್ಗೆ ಮೆಲ್ಲಗೆ ನಡೀಬಹುದು."

ಕಚೇರಿಯಲ್ಲಿ ಅವನ ಕಸುಬೇ ಇದು. ಸೇತುವೆಯಾಗಲಿ ಆಸ್ಪತ್ರೆಯಾಗಲಿ, ಯಾವ ಕೆಲಸದ ಬೆನ್ನಿಗೆ ಯಾವುದು, ನಡುವೆ ಎಷ್ಟು ಬಿಡುವು ಎಂದು ಗೆರೆ ಎಳೆದು ತೋರಿಸುವುದು. 'ಕಾಂಕ್ರೀಟು ಗಟ್ಟಿಯಾಗುವಾಗ ಯಾರೂ ಏನೂ ಮಾಡುವುದಿಲ್ಲ. ಆದರೂ ಅದು ಕೆಲಸವೇ' ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದ. ಸ್ವಂತ ಮನೆಯ ರಿಪೇರಿಗೆ ಮಾತ್ರ ಎಲ್ಲರನ್ನೂ ಒಂದೇ ದಿನ ಕರೆಸಿದ್ದ. ಬೇಗ ಮುಗಿಯಬೇಕಿತ್ತು. ಧೂಳು ಆಗಿಬರಲ್ಲ ಎಂದು ಅಕ್ಕನ ಮನೆಗೆ ಹೋದ ಹೆಂಡತಿ, ಯಾವಾಗ ಮುಗಿಯುತ್ತೆ ಎಂದು ಕೇಳುವುದನ್ನೇ ಈಚೆಗೆ ಬಿಟ್ಟಿದ್ದಳು.

ಹೊರಗೆ ಬಡಗಿಗೂ ಬಣ್ಣದವನಿಗೂ ಜಗಳ ಹತ್ತಿತು.

"ನೀನು ಬಣ್ಣ ಹೊಡಿ, ಆಮೇಲೆ ಬಾಗಿಲು ಕೂರಿಸ್ತೀನಿ."

"ಬಾಗಿಲೇ ಇಲ್ದೆ ಯಾವುದಕ್ಕೆ ಹೊಡೀಲಿ? ನಿನ್ನ ಮುಖಕ್ಕಾ?"

ಸಾಹೇಬರನ್ನೇ ಕೇಳೋಣವೆಂದು ಇಬ್ಬರೂ ಇಣುಕಿದರು. ಹೊಸ್ತಿಲಲ್ಲಿ ಕೊಕ್ಕರೆಯಂತೆ ನಿಂತ ಸಾಹೇಬರನ್ನು ಕಂಡು ಜಗಳ ಮರೆತು ನಕ್ಕರು. ಗಾರೆಯವನನ್ನೂ ಕರೆದುಕೊಂಡು ಟೀ ಕುಡಿಯಲು ಹೊರಟೇ ಹೋದರು.

ಮನೆ ನಿಶ್ಶಬ್ದವಾಯಿತು. ಬೇರೆ ಕೆಲಸವಿಲ್ಲದೆ ಅವನು ಫೋನ್ ಮಾಡಿದ.

"ಏನು?" ಎಂದಳು ಹೆಂಡತಿ.

"ಏನಿಲ್ಲ. ನೆಲ ಆಯ್ತು."

"ಓಹೋ."

"ಒಣಗಲಿ, ಆಮೇಲೆ ನೀನು ಬರಬಹುದು."

"ನೀವು ಕರೀತೀರ ಅಂತ ಕಾಯ್ತಿದ್ದೆ."

"ನೀನೇ ಬರ್ತೀನಿ ಅಂತೀಯ ಅಂತ ನಾನು..."

"ಕಾಯ್ತಿದ್ದೆ," ಎಂದಳು ಮತ್ತೆ. "ಎಲ್ಲಿದ್ದೀರಿ?"

"ಅಡುಗೆಮನೇಲಿ."

"ನೀವು? ಅಡುಗೆಮನೇಲಿ?" ಎಷ್ಟೋ ದಿನಗಳ ಮೇಲೆ ಅವಳು ನಕ್ಕಳು. "ಅಲ್ಲೇನ್ ಮಾಡ್ತಿದ್ದೀರಿ?"

ಸಿಕ್ಕಿಹಾಕಿಕೊಂಡಿದ್ದೇನೆ ಎನ್ನಬಹುದಿತ್ತು. "ಸುಮ್ನೆ," ಎಂದ.

"ಸರಿ. ಅಕ್ಕ ಕರೀತಿದ್ದಾಳೆ, ಇಡ್ತೀನಿ."

ಬಾಗಿಲಿಲ್ಲದ ಚೌಕಟ್ಟಿನಿಂದ ಬೆಕ್ಕೊಂದು ಒಳಗೆ ಬಂತು. ಹಸಿ ನೆಲದ ಮೇಲೆ ಹೆಜ್ಜೆ ಊರುತ್ತ ನೇರ ಅವನತ್ತಲೇ ಬಂತು. ಓಡಿಸಲೆಂದು ಎತ್ತಿದ ಕೈ ಯಾಕೋ ಕರೆಯುವಂತೆ ಆಡಿತು. ಬೆಕ್ಕು ನಟ್ಟನಡುವೆ ನಿಂತು ಅವನನ್ನು ನೋಡಿತು. ಪಂಜ ಕೊಡವಿ, ಬಂದ ದಾರಿಯಲ್ಲೇ ಹಿಂತಿರುಗಿತು.

ಆ ಕಡೆಯ ಅರ್ಧದಲ್ಲಿ ಬಂದ ಹೆಜ್ಜೆ, ಹೋದ ಹೆಜ್ಜೆ. ಅವನ ಕಡೆಯ ಅರ್ಧ ಕನ್ನಡಿಯಂತೆ ನುಣ್ಣಗೆ ಹೊಳೆಯುತ್ತ ಗಟ್ಟಿಯಾಗುತ್ತಿತ್ತು.