ಲೋಟದ ಮೇಲಿನ ರಟ್ಟು

ನನ್ನ ಕಾಲುಗಳ ಬಗ್ಗೆ ಯಾರೂ ಕೇಳುವುದಿಲ್ಲ, ಆದ್ದರಿಂದ ನಾನೇ ಹೇಳಿಬಿಡುತ್ತೇನೆ. ಎಡಮಂಡಿ ಕೈಕೊಟ್ಟು ಆರು ವರ್ಷವಾಯಿತು. ಬಲಗಾಲಿನ ಹಿಮ್ಮಡಿ ಬೆಳಿಗ್ಗೆ ಹತ್ತಕ್ಕೇ ಉರಿಯಲು ಶುರುಮಾಡುತ್ತದೆ. ಕೋಲ್ನ್ ಊರಿನ ದೊಡ್ಡ ಚರ್ಚು, ನಮ್ಮ ಡೋಮ್ ಇದೆಯಲ್ಲ, ಅದರ ಹತ್ತಿರದ ಬಿಯರ್ ಮನೆಯೊಂದರಲ್ಲಿ ಮೂವತ್ತೊಂದು ವರ್ಷದಿಂದ ನೀಲಿ ಏಪ್ರನ್ ಕಟ್ಟಿಕೊಂಡು ಲೋಟ ಹೊರುತ್ತಿದ್ದೇನೆ. ಹೆಸರು ಮಾಥೆಸ್. ಊರು ನೋಡಲು ಬಂದವರೆಲ್ಲ ಗೋಪುರ ಹತ್ತಿ ಇಳಿದು, ರೋಮನ್ನರ ಕಾಲದ ಕಲ್ಲು ಮುಟ್ಟಿ, ಕೊನೆಗೆ ಹಸಿದುಕೊಂಡು ಬಂದು ಬೀಳುವುದು ನನ್ನ ಬೆಂಚುಗಳ ಮೇಲೆ.

ನಮ್ಮಲ್ಲಿ ಎರಡನೇ ಬಿಯರ್ ಕೇಳುವ ಪದ್ಧತಿ ಇಲ್ಲ. ಲೋಟ ಸಪೂರ, ನಾಲ್ಕು ಗುಟುಕಿಗೆ ಮುಗಿಯುತ್ತದೆ. ಮುಗಿದ ಕೂಡಲೇ ಕೇಳದೆಯೇ ತುಂಬಿದ್ದೊಂದನ್ನು ಇಡುತ್ತೇವೆ. ಸಾಕು ಅನ್ನುವವರು ಲೋಟದಡಿಯ ರಟ್ಟಿನ ಬಿಲ್ಲೆಯನ್ನು ತೆಗೆದು ಲೋಟದ ಬಾಯಿಗೆ ಮುಚ್ಚಬೇಕು. ಬಾಯಲ್ಲಿ ಸಾಕು ಅಂದರೆ ನಮಗೆ ಕಿವಿ ಕೇಳಿಸುವುದಿಲ್ಲ. ರಟ್ಟು ಮುಚ್ಚಿದರೆ ಮಾತ್ರ ಮುಗಿಯಿತು, ಆಮೇಲೆ ಒತ್ತಾಯವಿಲ್ಲ. ಗಿರಾಕಿಗಳಿಗೆ ನಾಲ್ಕು ಬೈಯುವುದೂ ಕೆಲಸದಲ್ಲೇ ಸೇರಿದೆ, ಬೈಸಿಕೊಳ್ಳಲೆಂದೇ ಬರುವವರಿದ್ದಾರೆ. ಯಾರಾದರೂ ನೀರು ಕೇಳಿದರೆ ಸೋಪು, ಟವೆಲ್ಲೂ ತರಲಾ ಎಂದು ಕೇಳುತ್ತೇನೆ. ಮೂವತ್ತೊಂದು ವರ್ಷದಿಂದ ಅದೇ ಜೋಕು. ನನಗೆ ಸಾಕಾಗಿ ಹೋಗಿದೆ, ಅವರು ಮಾತ್ರ ಇನ್ನೂ ನಗುತ್ತಾರೆ.

ರೋಸ್ವಿಟಾ ನನಗಿಂತ ಆರು ವರ್ಷ ದೊಡ್ಡವಳು, ಅಂದರೆ ಎಪ್ಪತ್ತು. ಪ್ರವಾಸಿಗಳಿಗೆ ಊರು ತೋರಿಸುವುದು ಅವಳ ಕೆಲಸ. ತಲೆಯ ಮೇಲೆ ಹಸಿರು ಛತ್ರಿ ಎತ್ತಿ ಹಿಡಿದು, ಹಿಂದೆ ಹದಿನೈದಿಪ್ಪತ್ತು ಜನರನ್ನು ಎಳೆದುಕೊಂಡು, ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ನಮ್ಮ ಬಾಗಿಲಿಗೆ ಬರುತ್ತಾಳೆ. ಗಡಿಯಾರ ನೋಡುವ ಅಗತ್ಯ ನನಗೆ ಬೀಳುತ್ತಿರಲಿಲ್ಲ. ಬಂದವರಿಗೆ ರಕ್ತದ ಸಾಸೇಜು, ಜೊತೆಗೆ ಆಲೂಗಡ್ಡೆ ಮತ್ತು ಸೇಬು ಬೇಯಿಸಿ ಮಸೆದದ್ದು. ಅವರು ತಿನ್ನುವಾಗ ಅವಳು ಕುಳ್ಳರ ಕಥೆ ಹೇಳುತ್ತಾಳೆ. ಹಿಂದೆ ಊರಿನ ಕೆಲಸವನ್ನೆಲ್ಲ ರಾತ್ರಿ ಕುಳ್ಳರು ಬಂದು ಮಾಡಿಟ್ಟು ಹೋಗುತ್ತಿದ್ದರಂತೆ. ಅವರನ್ನು ನೋಡಲೇಬೇಕೆಂದು ದರ್ಜಿಯ ಹೆಂಡತಿ ಮೆಟ್ಟಿಲ ಮೇಲೆ ಬಟಾಣಿ ಚೆಲ್ಲಿದಳು. ಕುಳ್ಳರು ಜಾರಿ ಬಿದ್ದು, ಸಿಟ್ಟಾಗಿ ಊರು ಬಿಟ್ಟರು. ಅಂದಿನಿಂದ ನಮ್ಮ ಕೆಲಸ ನಾವೇ ಮಾಡಿಕೊಳ್ಳುತ್ತಿದ್ದೇವೆ. ಕಥೆ ಇಲ್ಲಿಗೆ ಬಂದಾಗ ಅವಳು ನನ್ನ ಕಡೆ ಕೈ ತೋರಿಸಿ, "ಒಬ್ಬ ಮಾತ್ರ ಇಲ್ಲೇ ಉಳ್ಕೊಂಡ ನೋಡಿ, ತುಂಬಾ ಸೋಮಾರಿ, ಓಡಿಹೋಗಕ್ಕೂ ಬೇಜಾರು ಅವನಿಗೆ," ಅನ್ನುತ್ತಾಳೆ. ಎಲ್ಲರೂ ನಗುತ್ತಾರೆ. ಅವಳು ಎರಡು ಲೋಟ ಕುಡಿಯುತ್ತಾಳೆ, ಎರಡನೆಯದಕ್ಕೆ ರಟ್ಟು ಮುಚ್ಚಿ ಎದ್ದು ಹೋಗುತ್ತಾಳೆ. ಒಂದೂ ಅಲ್ಲ, ಮೂರೂ ಅಲ್ಲ. ಅವಳು ಇಲ್ಲಿಗೆ ಬರಲು ಶುರುಮಾಡಿದ ಇಪ್ಪತ್ತೊಂಬತ್ತು ವರ್ಷದಲ್ಲಿ ಈ ಲೆಕ್ಕ ತಪ್ಪಿದ್ದು ನಾನು ನೋಡಿಲ್ಲ.

ಹನ್ನೊಂದು ವರ್ಷದ ಹಿಂದಿನ ಮಾತೊಂದಿದೆ. ಆಗ ಅವಳಿಗಿಂತಲೂ ಹಿರಿಯನಾದ ಪ್ಯೂಟ್ಸ್ ಅನ್ನುವ ಮಾರ್ಗದರ್ಶಿಯೊಬ್ಬ ಇದ್ದ. ಬುದ್ಧಿ ಜಾರುತ್ತಿತ್ತು, ಆದರೂ ಕೆಲಸ ಬಿಡಲಿಲ್ಲ. ಹೇಳಿದ್ದನ್ನೇ ಹೇಳುತ್ತಿದ್ದ, ಡೋಮ್ ಕಟ್ಟಿದವರ ಹೆಸರಿನ ಬದಲು ತನ್ನ ಮಾವನ ಹೆಸರು ಹೇಳುತ್ತಿದ್ದ. ಪ್ರವಾಸಿಗಳು ಮೊಣಕೈಯಲ್ಲಿ ತಿವಿದುಕೊಂಡು ನಗುತ್ತಿದ್ದರು. ನಾವೆಲ್ಲ ಪಾಪ ಅಂದುಕೊಂಡು ಸುಮ್ಮನಿದ್ದೆವು. ಒಂದು ದಿನ ಅದನ್ನು ನೋಡಿ ರೋಸ್ವಿಟಾ ನನ್ನ ತೋಳು ಹಿಡಿದಳು.

"ಮಾಥೆಸ್, ನನಗೆ ಹಿಂಗಾದ್ರೆ ನೀನು ಬಾಯಿಬಿಟ್ಟು ಏನೂ ಹೇಳ್ಬೇಡ. ನಾನು ಜಗಳಕ್ಕೆ ಬರ್ತೀನಿ. ನನ್ನ ಲೋಟದ ಮೇಲೆ ಒಂದು ರಟ್ಟು ಇಡು. ಅಷ್ಟು ಸಾಕು, ನಾನು ಎದ್ದು ಹೋಗ್ತೀನಿ."

"ಅಲ್ಲೀವರ್ಗೂ ನಾನು ಬದುಕಿದ್ರೆ ತಾನೆ," ಅಂದೆ.

"ನೀನೆಲ್ಲಿ ಸಾಯ್ತೀಯ. ಕೈ ಕೊಡು."

ಕೈ ಕೊಟ್ಟೆ. ನಮ್ಮೂರಲ್ಲಿ ಕೈ ಕೊಟ್ಟರೆ ಮಾತು ಕೊಟ್ಟ ಹಾಗೆಯೇ.

ಈ ವರ್ಷ ಮಾರ್ಚ್‌ನಲ್ಲಿ ಮೊದಲ ಸಲ ಅವಳು ಹನ್ನೊಂದೂವರೆಗೇ ಬಂದಳು. ಅಡುಗೆಮನೆಯಲ್ಲಿ ಆಲೂಗಡ್ಡೆ ಇನ್ನೂ ಬೆಂದಿರಲಿಲ್ಲ. ಆಮೇಲೊಂದು ದಿನ ಇಬ್ಬರು ಮುದುಕಿಯರನ್ನು ಡೋಮ್ ಒಳಗೇ ಮರೆತು ಬಂದಳು. ಅವರು ಅಳುತ್ತಾ ಬಂದು ಸೇರಿದರು. ಇನ್ನೊಂದು ದಿನ ನನ್ನನ್ನು ಪ್ಯೂಟ್ಸ್ ಎಂದು ಕರೆದಳು. ಎಲ್ಲವೂ ನನ್ನ ಕಣ್ಣಿಗೆ ಬಿದ್ದಿತು. ಬಿದ್ದರೂ ಬೀಳದ ಹಾಗೆ ಇದ್ದೆ. ಗಂಡನಿಲ್ಲ, ಮಕ್ಕಳಿಲ್ಲ, ಆ ಛತ್ರಿಯನ್ನೂ ಕಿತ್ತುಕೊಂಡರೆ ಅವಳ ಹತ್ತಿರ ಏನು ಉಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅದು ಅರ್ಧ ಮಾತ್ರ. ಒಂದು ಗಂಟೆಗೆ ಅವಳು ಬರದ ದಿನಗಳಿಗೆ ನಾನೇ ತಯಾರಿರಲಿಲ್ಲ. ನಾನು ಹೇಡಿ, ಬೇರೆ ಹೆಸರು ಹುಡುಕುವುದು ಬೇಡ.

ಮೂರು ವಾರದ ಹಿಂದೆ ಇನ್ನೊಂದು ಶುರುವಾಯಿತು. ಮೊದಲ ಲೋಟ ಮುಗಿಸಿದ ಕೂಡಲೇ ಅವಳು ಅದರ ಮೇಲೆ ರಟ್ಟು ಮುಚ್ಚಿ ಕುಳಿತಳು. ಎರಡನೆಯದು ಕುಡಿದೇ ಇಲ್ಲ. ಅಯ್ಯೋ, ಇದನ್ನೂ ಮರೆತಳಲ್ಲ ಅಂದುಕೊಂಡೆ. ಯಾರೂ ಗಮನಿಸುವ ಮೊದಲೇ ರಟ್ಟು ತೆಗೆದು, "ಇನ್ನೊಂದು ಬಾಕಿ ಇದೆ ಕಣೇ, ನನಗೆ ಮೋಸ ಮಾಡ್ಬೇಡ," ಎಂದು ತುಂಬಿದ ಲೋಟ ಇಟ್ಟೆ. ಅವಳು ನನ್ನ ಮುಖವನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕುಡಿದಳು. ಇದು ನಾಲ್ಕು ಸಲ ನಡೆಯಿತು. ನಾಲ್ಕು ಸಲವೂ ನಾನೇ ರಟ್ಟು ತೆಗೆದೆ, ನಾನೇ ಲೋಟ ಇಟ್ಟೆ, ಅವಳ ಮಾನ ಕಾಪಾಡಿದೆ ಅಂದುಕೊಂಡು ಒಳಗೇ ಸಮಾಧಾನ ಪಟ್ಟುಕೊಂಡೆ.

ಈ ಗುರುವಾರ ಸ್ಟುಟ್‌ಗಾರ್ಟಿನ ಕಡೆಯ ಹದಿನಾಲ್ಕು ಜನ ಬಂದರು, ನಿವೃತ್ತ ನೌಕರರ ಸಂಘವಂತೆ. ಅವರ ಮುಂದಾಳು ಬ್ರಾಯ್‌ನಿಂಗರ್ ಅನ್ನುವ ಉದ್ದ ಮನುಷ್ಯ, ಕೊರಳಲ್ಲಿ ಕ್ಯಾಮೆರಾ. ಬಂದವನೇ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿದ.

"ಇದೇನ್ರೀ, ಔಷಧಿ ಕೊಡೋ ಲೋಟ ಇದ್ದಂಗಿದೆ?"

"ಔಷಧೀನೇ. ಜಾಸ್ತಿ ಮಾತಾಡೋ ರೋಗಕ್ಕೆ. ಕುಡೀರಿ," ಅಂದೆ. ಬೆಂಚಿನವರು ನಕ್ಕರು. ನನ್ನ ಹಿಮ್ಮಡಿ ಉರಿಯುತ್ತಿತ್ತು.

ತಟ್ಟೆಗಳು ಬಂದವು. ರೋಸ್ವಿಟಾ ಎದ್ದು ನಿಂತು ಕಥೆ ಶುರುಮಾಡಿದಳು. ಧ್ವನಿ ಮೊದಲಿನ ಹಾಗೇ ಗಟ್ಟಿಯಾಗಿತ್ತು. ಬಡಗಿ ಮಲಗಿದ, ಕುಳ್ಳರು ಬಂದು ಮರ ಕೊಯ್ದರು. ರೊಟ್ಟಿಯವನು ಮಲಗಿದ, ಕುಳ್ಳರು ಹಿಟ್ಟು ನಾದಿದರು. ದರ್ಜಿಯ ಹೆಂಡತಿ ದೀಪ ಅಡಗಿಸಿಟ್ಟುಕೊಂಡು ಕಾದು ಕುಳಿತಳು. "ಮೆಟ್ಟಿಲ ಮೇಲೆಲ್ಲ ಅವಳು," ಅಂದಳು ರೋಸ್ವಿಟಾ. ಅಲ್ಲಿಗೆ ನಿಂತಿತು. ಕೈ ಮಾತ್ರ ಏನನ್ನೋ ಚೆಲ್ಲುವ ಹಾಗೆ ಗಾಳಿಯಲ್ಲಿ ಆಡುತ್ತಿತ್ತು. "ಮೆಟ್ಟಿಲ ಮೇಲೆ ಅವಳು ಚೆಲ್ಲಿದ್ದು..."

ಚಮಚದ ಸದ್ದು ಒಂದೊಂದಾಗಿ ನಿಂತಿತು. ಹದಿನಾಲ್ಕು ಮುಖಗಳು ಅವಳನ್ನೇ ನೋಡುತ್ತಿದ್ದವು.

"ಬಟಾಣಿ," ಎಂದು ನಾನು ಪೀಪಾಯಿ ಹತ್ತಿರದಿಂದ ಕೂಗಿದೆ. "ಬಟಾಣಿ ಚೆಲ್ಲಿದ್ಲು. ಗುಡಿಸಿದ್ದು ನಾನು."

ಕೆಲವರು ನಕ್ಕರು. ಬ್ರಾಯ್‌ನಿಂಗರ್ ನಗಲಿಲ್ಲ. ಕೆಟ್ಟವನೇನಲ್ಲ, ತಪ್ಪು ಕಂಡರೆ ಸುಮ್ಮನಿರಲಾಗದ ಜಾತಿಯವನು. "ಮೇಡಂ, ಈ ಕಥೆ ಬೆಳಿಗ್ಗೆ ಆ ಕುಳ್ಳರ ಕಾರಂಜಿ ಹತ್ರ ಹೇಳಿದ್ರಲ್ಲ. ಆಮೇಲೆ ಸೇತುವೆ ಮೇಲೂ ಒಂದ್ಸಲ ಹೇಳಿದ್ರಿ," ಅಂದ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಇನ್ನೊಬ್ಬಳನ್ನು ಮೊಣಕೈಯಲ್ಲಿ ತಿವಿದಳು.

ಆ ಮೊಣಕೈ ನೋಡಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. ಹನ್ನೊಂದು ವರ್ಷದ ಹಿಂದೆ ನೋಡಿದ್ದ ಅದೇ ತಿವಿತ. ರೋಸ್ವಿಟಾ ತಾನೂ ನಕ್ಕು, "ಒಳ್ಳೆ ಕಥೇನ ಮೂರ್ಸಲ ಕೇಳ್ಬೇಕು," ಎಂದು ಕುಳಿತುಕೊಂಡಳು. ಅವಳ ಕತ್ತು ಕೆಂಪಗಾಗಿತ್ತು.

ನಾನು ಅಡುಗೆಮನೆಯ ಬಾಗಿಲವರೆಗೆ ಹೋಗಿ ವಾಪಸ್ಸು ಬಂದೆ. ಮತ್ತೆ ಹೋದೆ. "ಮಾಥೆಸ್, ಏನು ಬೇಕು ನಿಂಗೆ, ದಾರಿಗೆ ಅಡ್ಡ ನಿಂತಿದೀಯಲ್ಲ," ಎಂದು ಅಡುಗೆಯವಳು ಗದರಿದಳು. ಏನು ಬೇಕೆಂದು ಹೇಳಲಿ. ಮೂಲೆಯ ಕಟ್ಟಿನಿಂದ ಒಂದು ಹೊಸ ರಟ್ಟು ಎಳೆದುಕೊಂಡೆ. ಒಂದು ಕೈಯಲ್ಲಿ ಅದು. ಇನ್ನೊಂದು ಕೈಯಲ್ಲಿ, ನನಗೇ ಗೊತ್ತಿಲ್ಲದ ಹಾಗೆ, ಅವಳ ಎರಡನೇ ಲೋಟ. ಕೈಗೆ ಅಷ್ಟು ರೂಢಿಯಾಗಿಬಿಟ್ಟಿತ್ತು.

ಮೇಜಿನ ಹತ್ತಿರ ಹೋಗಿ ನೋಡುತ್ತೇನೆ, ಅವಳ ಖಾಲಿ ಲೋಟದ ಮೇಲೆ ಆಗಲೇ ರಟ್ಟು ಮುಚ್ಚಿತ್ತು. ಅವಳ ಅಂಗೈ ಆ ರಟ್ಟಿನ ಮೇಲೆ ಊರಿಕೊಂಡಿತ್ತು, ಈ ಸಲ ತೆಗೆಯಲು ಬಿಡುವುದಿಲ್ಲ ಅನ್ನುವ ಹಾಗೆ. ನನ್ನ ಎರಡು ಕೈಗಳನ್ನೂ ನೋಡಿದಳು.

"ಅಂತೂ ತಂದ್ಯಾ," ಎಂದು ಮೆಲ್ಲಗೆ ಕೇಳಿದಳು. ಬೇರೆಯವರಿಗೆ ಕೇಳಿಸಲಿಲ್ಲ.

ಎರಡನ್ನೂ ಮೇಜಿನ ಮೇಲಿಟ್ಟೆ.

"ಇದು ಐದನೇ ಸಲ ಕಣೋ. ನಾಲ್ಕು ಸಲ ನಾನೇ ಇಟ್ಟೆ, ನಾಲ್ಕು ಸಲ ನೀನೇ ತೆಗ್ದೆ. ನೀನು ಒಂದ್ಸಲ ಹೂಂ ಅಂತ ತಲೆ ಆಡ್ಸಿದ್ರೆ ಅವತ್ತೇ ಮನೆಗೆ ಹೋಗ್ತಿದ್ದೆ. ನೀನು ಬಿಯರ್ ತಂದಿಟ್ಟೆ. ಹಂಗಾದ್ರೆ ನಾನು ಇನ್ನೂ ಸರಿಯಾಗೇ ಇದೀನಿ ಅಂದ್ಕೊಂಡು ಮತ್ತೆ ಬಂದೆ."

"ಮರೆತುಬಿಟ್ಟಿದೀಯ ಅಂದ್ಕೊಂಡೆ," ಅಂದೆ. "ಎರಡು ಲೋಟ ಅನ್ನೋದನ್ನ."

"ಎಲ್ಲಾ ಮರೀತೀನಿ ಮಾಥೆಸ್. ಇವತ್ತು ಬೆಳಿಗ್ಗೆ ನಮ್ಮ ಮನೆ ಬೀಗ ಯಾವ ಕಡೆ ತಿರುಗತ್ತೆ ಅನ್ನೋದು ಮರೆತೆ." ರಟ್ಟಿನ ಮೇಲೆ ಬೆರಳಿನಿಂದ ತಟ್ಟಿದಳು. "ಇದನ್ನ ಮರೀಲಿಲ್ಲ. ಮರೆತಿದ್ದು ನೀನು."

ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಮಾರ್ಚ್‌ನಿಂದ ಈ ಗುರುವಾರದವರೆಗೆ ಜನ ಅವಳನ್ನು ನೋಡಿ ನಕ್ಕಿದ್ದೆಲ್ಲ ನನ್ನ ಕಣ್ಣ ಮುಂದೆ ಬಂತು. ಅದರಲ್ಲಿ ಮೂರು ವಾರದ್ದು ನಾನೇ ಲೋಟ ತುಂಬಿ ತುಂಬಿ ಕೊಟ್ಟದ್ದು. ನಾನು ಏಪ್ರನ್ ಕಟ್ಟಿಕೊಂಡ ಮೇಲೆ ಗಿರಾಕಿಗಳ ಬೆಂಚಿನಲ್ಲಿ ಕುಳಿತವನಲ್ಲ, ನಮ್ಮವರು ಯಾರೂ ಕೂರುವುದಿಲ್ಲ. ಅವತ್ತು ಅವಳ ಪಕ್ಕದಲ್ಲಿ ಕುಳಿತೆ. ಎರಡನೇ ಲೋಟ ನಾನೇ ಕುಡಿದೆ. ಬ್ರಾಯ್‌ನಿಂಗರ್ ಫೋಟೋ ತೆಗೆಯಲು ಹೊರಟವನು ನನ್ನ ಮುಖ ನೋಡಿ ಕ್ಯಾಮೆರಾ ಕೆಳಗಿಳಿಸಿದ.

"ನನ್ನದು ತಪ್ಪಾಯ್ತು," ಅಂದೆ.

"ಆಯ್ತು," ಅಂದಳು. ಪರವಾಗಿಲ್ಲ ಅನ್ನಲಿಲ್ಲ. "ಇವರಿಗೆ ಮೂರೂ ಹತ್ತಕ್ಕೆ ರೈಲು. ಸ್ಟೇಷನ್ನಿಗೆ ಕರ್ಕೊಂಡು ಹೋಗ್ಬೇಕು. ಎಲ್ಲಿ ತಿರುಗ್ಬೇಕು ಅಂತ ತಲೇಲಿ ಬರ್ತಿಲ್ಲ," ಎಂದು ಛತ್ರಿಯನ್ನು ನನ್ನ ಮಡಿಲಿಗೆ ಇಟ್ಟಳು.

ಸ್ಟೇಷನ್ನು ಡೋಮ್ ಪಕ್ಕದಲ್ಲೇ ಇದೆ. ನಮ್ಮ ಬಾಗಿಲಲ್ಲಿ ನಿಂತರೆ ಗೋಪುರ ಕಾಣುತ್ತದೆ. ಅದನ್ನು ನಾನು ಅವಳಿಗೆ ಹೇಳಲಿಲ್ಲ. ಯಜಮಾನರಿಗೆ ಅರ್ಧ ಗಂಟೆಯಲ್ಲಿ ಬರುತ್ತೇನೆಂದು ಹೇಳಿ, ಏಪ್ರನ್ ಕಟ್ಟಿಕೊಂಡೇ ಹೊರಗೆ ಬಂದು ಛತ್ರಿ ಎತ್ತಿದೆ. ಎಷ್ಟು ಭಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ.

"ಇವಾಗ ನೀವು ನಮ್ಮ ಗೈಡಾ?" ಬ್ರಾಯ್‌ನಿಂಗರ್ ಕೇಳಿದ.

"ಹೌದು. ಪ್ರಶ್ನೆ ಕೇಳಿದವರನ್ನ ರೈನ್ ನದಿಗೆ ಹಾಕ್ತೀನಿ. ನಡೀರಿ."

ಕುಂಟುತ್ತಾ ಮುಂದೆ ನಡೆದೆ. ಹದಿನಾಲ್ಕು ಜನ ಹಿಂದೆ. ಅವರೆಲ್ಲರ ಹಿಂದೆ ರೋಸ್ವಿಟಾ, ಕೈಚೀಲ ಎದೆಗೆ ಒತ್ತಿಕೊಂಡು, ಊರಿಗೆ ಹೊಸಬಳ ಹಾಗೆ ಮೇಲೆ ಕೆಳಗೆ ನೋಡುತ್ತಾ ಬರುತ್ತಿದ್ದಳು. ಯಾರೂ ತಪ್ಪಿಸಿಕೊಳ್ಳಬಾರದೆಂದು ತಿರುಗಿ ತಿರುಗಿ ಎಣಿಸಿದೆ. ಪ್ರತಿ ಸಲವೂ ಹದಿನೈದು ಬಂದರೆ ಮಾತ್ರ ಮುಂದೆ ಹೆಜ್ಜೆ ಇಟ್ಟೆ.

ಕುಳ್ಳರ ಕಾರಂಜಿಯ ಹತ್ತಿರ ಜನ ನಿಂತುಕೊಂಡರು. ಕಲ್ಲಿನ ಮೆಟ್ಟಿಲು, ಜಾರಿ ಬೀಳುತ್ತಿರುವ ಪುಟ್ಟ ಪುಟ್ಟ ಕುಳ್ಳರು, ಮೇಲೆ ದೀಪ ಹಿಡಿದ ದರ್ಜಿಯ ಹೆಂಡತಿ. ರೋಸ್ವಿಟಾ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದು ನನ್ನ ಏಪ್ರನ್ ಜಗ್ಗಿದಳು.

"ಮೆಟ್ಟಿಲ ಮೇಲೆ ಅವಳು ಏನು ಚೆಲ್ಲಿದ್ದು?" ಎಂದು ಕೇಳಿದಳು.

ತಮಾಷೆಗೆ ಕೇಳಿದಳೋ ನಿಜವಾಗಿ ಕೇಳಿದಳೋ, ಅವಳ ಮುಖ ನೋಡಿದರೂ ತಿಳಿಯಲಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಬಾಯಿಗೆ ಯಾವ ಕೀಟಲೆಯೂ ಬರಲಿಲ್ಲ.

"ಬಟಾಣಿ," ಅಂದೆ.